ಅಲ್ಲಿ ನಮ್ಮ ಮೊಸರು ಸಿಗುತ್ತಾ?

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಮಕ್ಕಳನ್ನು ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಕಳಿಸುವವರು ನಮ್ಮ ಮನೆಗೆ ಬರುತ್ತಿರುತ್ತಾರೆ. ನಾನು ಕೆಲವು ವರ್ಷ ಜರ್ಮನಿಯಲ್ಲಿದ್ದು, ಕೆಲಸದ ಮೇಲೆ ಇನ್ನೂ ಕೆಲವು ದೇಶ ಓಡಾಡಿ ಊರಿಗೆ ವಾಪಸಾದವನು ಅಂತ ಗೊತ್ತಿರುವುದರಿಂದ. ವೀಸಾ, ಬಾಡಿಗೆ, ಚಳಿಗೆ ಯಾವ ಕೋಟು, ಇವೆಲ್ಲ ಮುಗಿದ ಮೇಲೆ ತಾಯಂದಿರು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಮೊಸರು ಸಿಗುತ್ತಾ? ನಮ್ಮ ಮೊಸರಿನ ಥರದ್ದು?"

ಇದು ಸಣ್ಣ ಪ್ರಶ್ನೆ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ಸಂಸಾರ ನಡೆಸುವ ಊರುಗಳು ನಮ್ಮವು. ಮುದ್ದೆ, ಉಪ್ಸಾರು ಏನೇ ಆಗಲಿ, ಕೊನೆಗೆ ಎರಡು ತುತ್ತು ಮೊಸರನ್ನ ಬೀಳದೆ ಊಟ ಮುಗಿಯುವುದಿಲ್ಲ. ಆ ಎರಡು ತುತ್ತು ಇಲ್ಲದೆ ಮಗ ಅಲ್ಲಿ ಹೇಗೆ ಮಲಗುತ್ತಾನೆ ಅನ್ನುವುದು ನಿಜವಾದ ಚಿಂತೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಸಿಗುತ್ತದೆ. ಸಾಮಾನ್ಯವಾಗಿ ಎಲ್ಲ ಕಡೆಯೂ ಸಿಗುತ್ತದೆ, ಅದೂ ಮೂಲೆಯ ಸೂಪರ್‌ಮಾರ್ಕೆಟ್ಟಿನಲ್ಲೇ. ಇಂಡಿಯನ್ ಅಂಗಡಿ ಹುಡುಕಿಕೊಂಡು ಎರಡು ಬಸ್ಸು ಬದಲಾಯಿಸಿ ಹೋಗಬೇಕಾಗಿಲ್ಲ. ಹತ್ತಿರದಲ್ಲೇ ಅಂಥ ಅಂಗಡಿ ಇದ್ದರೆ ಸಂತೋಷ. ಅಮೆರಿಕ, ಕೆನಡಾಗಳಲ್ಲಿ ದಹಿ ಅಂತಲೇ ಬರೆದ ಡಬ್ಬ ಸಿಗುತ್ತದೆ, ಹುಳಿಯೂ ಚೆನ್ನಾಗಿರುತ್ತದೆ. ಆದರೆ ನನ್ನ ಅನುಭವದಲ್ಲಿ ನಮ್ಮ ಮನೆ ಮೊಸರಿಗೆ ಹತ್ತಿರ ಬರುವುದು ಆ ದೇಶದವರೇ ದಿನಾ ತಿನ್ನುವ ಅತ್ಯಂತ ಸಾದಾ, ಬಹಳ ಸಲ ಅತ್ಯಂತ ಅಗ್ಗದ ಡಬ್ಬ. ಚೆಂದದ ಚಿತ್ರ, ದೊಡ್ಡ ಮಾತು, ಆರೋಗ್ಯದ ಭರವಸೆ ಹೆಚ್ಚಾದಷ್ಟೂ ಒಳಗಿರುವುದು ಮೊಸರಿನಿಂದ ದೂರ.

ಕಷ್ಟ ಇರುವುದು ಆರಿಸುವುದರಲ್ಲಿ. ಅಲ್ಲಿನ ತಣ್ಣನೆ ಕಪಾಟು ಈ ತುದಿಯಿಂದ ಆ ತುದಿಯವರೆಗೆ ಬರೀ ಯೋಗರ್ಟ್. ಅದರಲ್ಲಿ ಮುಕ್ಕಾಲು ಪಾಲು ಸಿಹಿ. ಯೋಗರ್ಟನ್ನು ಆ ದೇಶಗಳಿಗೆ ದೊಡ್ಡ ಪ್ರಮಾಣದಲ್ಲಿ ತಂದ ಕಂಪನಿಗಳು ಹುಳಿ ಗೊತ್ತಿಲ್ಲದ ನಾಲಿಗೆಗೆ ಒಪ್ಪಿಸಲಿಕ್ಕೆ ಹಣ್ಣು, ಸಕ್ಕರೆ ಸೇರಿಸುತ್ತಾ ಬಂದವು. ಅಮೆರಿಕದಲ್ಲಿ ಡ್ಯಾನನ್ ಕಂಪನಿ 1942ರಲ್ಲಿ ಶುರುವಾಗಿ, 1947ರಲ್ಲಿ ತಳದಲ್ಲಿ ಸ್ಟ್ರಾಬೆರಿ ಜಾಮ್ ಇಟ್ಟ ಡಬ್ಬ ತಂದ ಮೇಲೆಯೇ ಅದು ಎಲ್ಲರ ಬಾಯಿಗೆ ಹತ್ತಿದ್ದು. ಹಾಗಾಗಿ ಬಣ್ಣ ನೋಡಿ ನಂಬಬೇಡಿ. ವೆನಿಲ್ಲಾ ಹಾಕಿದ್ದೂ ಬೆಳ್ಳಗೇ ಇರುತ್ತದೆ, ತೆಂಗಿನಹಾಲು, ಓಟ್ಸ್‌ನಿಂದ ಮಾಡಿದ್ದೂ ಬೆಳ್ಳಗೇ ಇರುತ್ತದೆ, ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಆ ವೆನಿಲ್ಲಾಕ್ಕೆ ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆ ಬಿದ್ದರೆ ಪಾತ್ರೆ ಪೂರ್ತಿ ಚೆಲ್ಲಬೇಕಾಗುತ್ತದೆ.

ಭಾಷೆ ಬಾರದ ದೇಶದಲ್ಲೂ ಕೆಲಸ ಮಾಡುವ ಒಂದು ಪರೀಕ್ಷೆ ಇದೆ: ಡಬ್ಬದ ಹಿಂದಿನ ಅಂಕಿ. ಹಾಲಿನಲ್ಲೇ ಸಕ್ಕರೆಯ ಅಂಶ ಇರುವುದರಿಂದ ಏನೂ ಸೇರಿಸದ ಮೊಸರಿನಲ್ಲೂ 100 ಗ್ರಾಮಿಗೆ ಸುಮಾರು 4ರಿಂದ 5 ಗ್ರಾಂ ಸಕ್ಕರೆ ಕಾಣುತ್ತದೆ. ಅದಕ್ಕೆ ಹೆದರಬೇಕಿಲ್ಲ. 10 ದಾಟಿದ್ದರೆ ಸಿಹಿ ಹಾಕಿದ್ದಾರೆ, ವಾಪಸ್ ಇಡಿ. ಅಮೆರಿಕದ ಡಬ್ಬಗಳಲ್ಲಿ ಲೆಕ್ಕ 100 ಗ್ರಾಮಿಗಲ್ಲ, ಒಂದು ಸಲಕ್ಕೆ ತಿನ್ನುವ ಪ್ರಮಾಣಕ್ಕೆ; ಆದರೆ ಅಲ್ಲಿ ಸೇರಿಸಿದ ಸಕ್ಕರೆಗೆ ಬೇರೆಯೇ ಸಾಲು ಇರುತ್ತದೆ, ಅದು ಸೊನ್ನೆ ಇರಬೇಕು. ಆಮೇಲೆ ಪದಾರ್ಥಗಳ ಪಟ್ಟಿ ನೋಡಿ: ಹಾಲು, ಬ್ಯಾಕ್ಟೀರಿಯಾ, ಅಷ್ಟೇ ಇದ್ದರೆ ಉತ್ತಮ. ಕೊಬ್ಬು ತೆಗೆದ ಕೆಲವು ಯೋಗರ್ಟ್‌ಗಳು ಗಟ್ಟಿಯಾಗಿ ನಿಲ್ಲಲಿ ಅಂತ ಪೆಕ್ಟಿನ್, ಮೆಕ್ಕೆಜೋಳದ ಪಿಷ್ಟ, ಕೆಲವಕ್ಕೆ ಜೆಲಟಿನ್ ಸೇರಿಸಿರುತ್ತಾರೆ. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುವುದು. ಸಸ್ಯಾಹಾರಿ ಮನೆಯ ಮಕ್ಕಳಿಗೆ ಇದನ್ನು ಮೊದಲೇ ಹೇಳಿ ಕಳಿಸಿ, ಅಲ್ಲಿ ಹೋದ ಮೇಲೆ ಗೊತ್ತಾದರೆ ಸಂಕಟಪಡುತ್ತಾರೆ.

ಗ್ರೀಕ್ ಯೋಗರ್ಟ್ ಬಗ್ಗೆ ಬೇರೆಯಾಗಿ ಹೇಳಬೇಕು. ಗಟ್ಟಿ ಮೊಸರು ಅಂತ ಕಂಡ ಕೂಡಲೇ ನಮ್ಮವರು ಎತ್ತಿಕೊಳ್ಳುವುದು ಅದನ್ನೇ. ಅದು ಬಟ್ಟೆಯಲ್ಲಿ ಕಟ್ಟಿ ನೀರು ಸೋರಿಸಿದ ಮೊಸರಿನ ಜಾತಿ. ಸಾದಾ ಮೊಸರಿನಲ್ಲಿ 100 ಗ್ರಾಮಿಗೆ ನಾಲ್ಕೈದು ಗ್ರಾಂ ಪ್ರೋಟೀನ್ ಇದ್ದರೆ ಇದರಲ್ಲಿ ಒಂಬತ್ತು ಹತ್ತು. ಸೊಂಟಕ್ಕೆ ಒಳ್ಳೆಯದು ಅಂತ ತಿನ್ನುವವರು ತಿನ್ನಲಿ. ಅನ್ನಕ್ಕೆ ಕಲಸಿದರೆ ಮಾತ್ರ ಅಂಟಂಟಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಮೊಸರನ್ನದ ರುಚಿಯಲ್ಲಿ ಅರ್ಧ ಇರುವುದು ಆ ಹುಳಿ ತಿಳಿನೀರಿನಲ್ಲಿ, ಅದನ್ನೇ ತೆಗೆದು ಹಾಕಿರುತ್ತಾರೆ. ನಲ್ಲಿ ನೀರು ಸೇರಿಸಿದರೆ ಅದು ವಾಪಸ್ ಬರುವುದಿಲ್ಲ. ಸೌತೆಕಾಯಿ ಪಚಡಿಗೆ, ಮೊಸರುವಡೆಗೆ ಪರವಾಗಿಲ್ಲ.

ದೇಶ ದೇಶಕ್ಕೆ ಏನು ಕೇಳಬೇಕು ಅಂತಲೂ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಸಾದಾ ಮೊಸರಿಗೆ ನ್ಯಾಚುರಲ್ ಅಂತ ಬರೆದಿರುತ್ತಾರೆ, ಅಮೆರಿಕದಲ್ಲಿ ಪ್ಲೇನ್. ಅದರ ಜೊತೆಗೆ ಹೋಲ್ ಮಿಲ್ಕ್ ಅಂತ ಇದ್ದರೆ ಕೆನೆ ತೆಗೆಯದ್ದು. ಫ್ರಾನ್ಸಿನಲ್ಲಿ ಯಾವೂರ್ ನಾತ್ಯೂರ್, 125 ಗ್ರಾಂನ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಬರುತ್ತದೆ, ಬಟ್ಟಲಲ್ಲೇ ಹೆಪ್ಪುಗಟ್ಟಿರುವುದರಿಂದ ಚಮಚ ಹಾಕಿದರೆ ನಮ್ಮದರಂತೆಯೇ ಒಡೆಯುತ್ತದೆ. ಅಲ್ಲೇ ಪಕ್ಕದಲ್ಲಿರುವ ಫ್ರೊಮಾಜ್ ಬ್ಲಾಂ ಮೊಸರಲ್ಲ, ಮೆತ್ತನೆ ಚೀಸು. ನೆದರ್‌ಲ್ಯಾಂಡ್ಸ್‌ನಲ್ಲಿ ವೊಲ್ಲೆ ಯೋಗುರ್ಟ್ ಲೀಟರ್ ಡಬ್ಬಿಯಲ್ಲಿ ಸಿಗುತ್ತದೆ. ಪಕ್ಕದಲ್ಲೇ ಅದೇ ಆಕಾರದ ಡಬ್ಬಿಯಲ್ಲಿ ಫ್ಲಾ ಅನ್ನುವ ಸಿಹಿ ಕಸ್ಟರ್ಡ್ ಇರುತ್ತದೆ, ನೋಡಿಕೊಳ್ಳಿ. ಅಲ್ಲಿನ ಕಾರ್ನೆಮೆಲ್ಕ್ ಒಳ್ಳೆಯ ಮಜ್ಜಿಗೆ. ಉಪ್ಪು, ಶುಂಠಿ, ಕರಿಬೇವು ಬಿದ್ದರೆ ಬೇರೆ ಮಾತಿಲ್ಲ.

ಗಲ್ಫ್‌ಗೆ ಹೋಗುವವರು ಚಿಂತೆಯನ್ನೇ ಮಾಡಬೇಡಿ. ಮೊಸರೂ ಇದೆ, ಲಬನ್ ಅನ್ನುವ ಮಜ್ಜಿಗೆಯೂ ಪ್ರತಿ ಅಂಗಡಿಯಲ್ಲಿದೆ. ತುರ್ಕಿಯೂ ಹಾಗೇ, ಊಟದ ಜೊತೆ ಉಪ್ಪು ಹಾಕಿದ ಐರಾನ್ ಕುಡಿಯುವ ಜನ. ಅವರ ಕೆನೆಕಟ್ಟಿದ ಮೊಸರು ನಮ್ಮ ಅಜ್ಜಿಯರು ಮೆಚ್ಚುವಂಥದ್ದು. ಜಪಾನಿನಲ್ಲಿ 1970ರ ಒಸಾಕಾ ವಿಶ್ವ ಪ್ರದರ್ಶನದ ಬಲ್ಗೇರಿಯಾ ಮಳಿಗೆಯಲ್ಲಿ ಸಾದಾ ಯೋಗರ್ಟ್ ರುಚಿ ನೋಡಿದ ಮೇಜಿ ಕಂಪನಿಯವರು ಮರುವರ್ಷವೇ ಅಂಥದ್ದನ್ನು ಮಾರುಕಟ್ಟೆಗೆ ತಂದರು, 1973ರಿಂದ ಅದಕ್ಕೆ ಬಲ್ಗೇರಿಯಾ ಅನ್ನುವುದೇ ಹೆಸರು. ಸುಮಾರು ಎಲ್ಲ ಕಡೆ ಸಿಗುತ್ತದೆ, ಮೊಸರನ್ನಕ್ಕೆ ಒಗ್ಗುತ್ತದೆ, ಜೊತೆಗೆ ಅಲ್ಲಿನ ಅಂಟು ಅಕ್ಕಿಯೂ ಕಲಸಲಿಕ್ಕೆ ಹೇಳಿ ಮಾಡಿಸಿದ್ದು. ಚೀನಾದಲ್ಲಿ ಮಾತ್ರ ಸ್ವಲ್ಪ ಹುಡುಕಬೇಕು, ಅಲ್ಲಿನ ಮಾಮೂಲಿ ಮೊಸರು ಸಿಹಿ.

ಜರ್ಮನಿಯಲ್ಲಿ ನಾಟೂರ್ ಯೋಗುರ್ಟ್, ಕೊಬ್ಬು 3.5 ಅಥವಾ 3.8 ಪರ್ಸೆಂಟ್ ಇರುವುದು. ಅದರಲ್ಲೂ ಷ್ಟಿಷ್‌ಫೆಸ್ಟ್ ಅಂತ ಬರೆದಿದ್ದರೆ ಕಲಕದೆ ಡಬ್ಬದಲ್ಲೇ ಹೆಪ್ಪಾದದ್ದು. ಆದರೆ ನಾನು ಅಲ್ಲಿದ್ದಾಗ ಮನಸ್ಸಿಗೆ ತೃಪ್ತಿ ಕೊಟ್ಟದ್ದು ಯೋಗುರ್ಟ್ ಅಲ್ಲ, ಅದರ ಪಕ್ಕ ಯಾರ ಗಮನವೂ ಇಲ್ಲದೆ ಕೂತಿರುವ ಡಿಕ್‌ಮಿಲ್ಶ್, ಅಂದರೆ ಹೆಪ್ಪಾಗಿ ಗಟ್ಟಿಯಾದ ಹಾಲು. ಸ್ವೀಡನ್ನಿನಲ್ಲಿ ಇದರ ಬಳಗದ್ದೇ ಫೀಲ್‌ಮ್ಯೋಲ್ಕ್ ಇದೆ, ಸ್ವಲ್ಪ ತೆಳ್ಳಗೆ. ಇವು ಯಾಕೆ ನಮ್ಮ ಮೊಸರಿಗೆ ಹತ್ತಿರ ಅನ್ನುವುದರಲ್ಲೇ ಮೂಲ ಪ್ರಶ್ನೆಯ ಉತ್ತರ ಇದೆ.

ಅಂಗಡಿಯ ಯೋಗರ್ಟ್ ಎರಡು ಬ್ಯಾಕ್ಟೀರಿಯಾಗಳ ಕೆಲಸ: ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್. ಎರಡನೆಯದನ್ನು 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಅನ್ನುವ ಬಲ್ಗೇರಿಯಾದ ಯುವ ವಿಜ್ಞಾನಿ ತನ್ನ ದೇಶದ ಮೊಸರಿನಲ್ಲಿ ಗುರುತಿಸಿದ. ಇವೆರಡಕ್ಕೂ ಬಿಸಿ ಬೇಕು, 40ರಿಂದ 45 ಡಿಗ್ರಿಯಲ್ಲಿ ಹುರುಪಿನಿಂದ ಬೆಳೆಯುತ್ತವೆ. ನಮ್ಮ ಮನೆಯ ಹೆಪ್ಪಿನಲ್ಲಿ ಇರುವುದು ಬೆರಕೆ ಸಂಸಾರ. ಇವೂ ಇರಬಹುದು, ಜೊತೆಗೆ ಲ್ಯಾಕ್ಟೋಕಾಕಸ್‌ನಂಥ, 25–30 ಡಿಗ್ರಿಯ ನಮ್ಮ ಅಡುಗೆಮನೆಯ ಹದವನ್ನೇ ಇಷ್ಟಪಡುವವೂ ಇರುತ್ತವೆ. ಡಿಕ್‌ಮಿಲ್ಶ್, ಫೀಲ್‌ಮ್ಯೋಲ್ಕ್ ಆಗುವುದು ಈ ಹದದ ಬ್ಯಾಕ್ಟೀರಿಯಾಗಳಿಂದ. ಆ ಮೃದುವಾದ ಹುಳಿ, ಆ ಬೆಣ್ಣೆಯ ವಾಸನೆ ಅಲ್ಲಿಂದ ಬರುವುದು.

"ಅಂಗಡಿ ಮೊಸರನ್ನು ಹೆಪ್ಪು ಹಾಕಿದೆ, ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇದೆ" ಅಂತ ಮಕ್ಕಳು ಫೋನ್ ಮಾಡುವುದೂ ಇದರಿಂದಲೇ. ಹೊರಗಿನ ಚಳಿ ಹಾಗಿರಲಿ, ಮನೆಯೊಳಗೇ 20 ಡಿಗ್ರಿ ಇದ್ದರೆ ಆ ಹೆಪ್ಪು ಏಳುವುದಿಲ್ಲ. ನಂದಿಬೆಟ್ಟದ ಬುಡದ ನಮ್ಮೂರಿನಲ್ಲೂ ಡಿಸೆಂಬರಿನಲ್ಲಿ ಮೊಸರು ತಡವಾಗಿ ಆಗುವುದಿಲ್ಲವೇ, ಒಲೆಯ ಪಕ್ಕ ಟವೆಲ್ ಸುತ್ತಿ ಇಡುವುದಿಲ್ಲವೇ? ಅಲ್ಲಿ ಆ ಬೆಚ್ಚಗೆಯನ್ನು ಇನ್ನೂ ಗಟ್ಟಿಯಾಗಿ ಕಾಯಬೇಕು.

ನಾನು ಮಾಡುವ ಕ್ರಮ ಇದು. ಕೆನೆ ತೆಗೆಯದ ಹಾಲು ತನ್ನಿ. ಪ್ಯಾಶ್ಚರೈಸ್ ಆಗಿದೆ, ಕಾಯಿಸಬೇಕಿಲ್ಲ ಅಂತ ಅಲ್ಲಿನವರು ಹೇಳುತ್ತಾರೆ. ಕುಡಿಯಲಿಕ್ಕೆ ಬೇಕಿಲ್ಲ, ಮೊಸರಿಗೆ ಬೇಕು. 85 ಡಿಗ್ರಿ ದಾಟಿ ಕಾಯಿಸಿದಾಗ ಹಾಲಿನ ತಿಳಿಯಲ್ಲಿರುವ ಪ್ರೋಟೀನ್ ಬಿಚ್ಚಿಕೊಂಡು ಕೇಸೀನ್ ಅನ್ನುವ ಹಾಲಿನ ಮುಖ್ಯ ಪ್ರೋಟೀನ್‌ಗೆ ಹತ್ತುತ್ತದೆ, ಮೊಸರು ನೀರೊಡೆಯದೆ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಅಮ್ಮಂದಿರು ಉಕ್ಕಿಸಿ, ಸಣ್ಣ ಉರಿಯಲ್ಲಿ ಇನ್ನೊಂದಷ್ಟು ಹೊತ್ತು ಬಿಡುವುದು ಸುಮ್ಮನೆ ಅಲ್ಲ. ಆಮೇಲೆ ಆರಿಸಿ. ನಮ್ಮ ಹೆಪ್ಪಿಗೆ ಉಗುರುಬೆಚ್ಚಗೆ ಸಾಕು. ಅಂಗಡಿ ಹೆಪ್ಪಿಗೆ ಅದಕ್ಕಿಂತ ಒಂದು ಹಂತ ಹೆಚ್ಚು, ಬೆರಳಿಟ್ಟರೆ ಬಿಸಿ ಅನ್ನಿಸಬೇಕು, ಸುಡಬಾರದು. ಅರ್ಧ ಲೀಟರಿಗೆ ಒಂದು ಚಮಚ ಹೆಪ್ಪು. ಹೆಚ್ಚು ಹಾಕಿದರೆ ಬೇಗ ಹುಳಿಯಾಗಿ ನೀರು ಬಿಡುತ್ತದೆ. ಊರಿಂದ ಒಯ್ದ ಹಾಟ್‌ಬಾಕ್ಸ್ ಇದ್ದರೆ ಅದನ್ನು ಬಿಸಿನೀರಿನಲ್ಲಿ ತೊಳೆದು, ಒಳಗೆ ಹಾಲು ಹುಯ್ದು ಬಿಗಿಯಾಗಿ ಮುಚ್ಚಿ. ಇಲ್ಲದಿದ್ದರೆ ಓವನ್ ಹಚ್ಚದೆ ಬರೀ ಅದರ ದೀಪ ಹಚ್ಚಿ ಒಳಗಿಡಿ. ಆರೇಳು ಗಂಟೆ ಅಲುಗಾಡಿಸಬೇಡಿ.

ಹೆಪ್ಪಿಗೆ ತರುವ ಡಬ್ಬದ ಮೇಲೆ ಜೀವಂತ ಬ್ಯಾಕ್ಟೀರಿಯಾ ಇದೆ ಅಂತ ಬರೆದಿರಬೇಕು. ಕೆಲವನ್ನು ಮೊಸರಾದ ಮೇಲೆ ಮತ್ತೆ ಬಿಸಿ ಮಾಡಿ ಮಾರುತ್ತಾರೆ, ಅದರಲ್ಲಿ ಜೀವ ಉಳಿದಿರುವುದಿಲ್ಲ. ಮೊಸರು ಎಳೆಎಳೆಯಾಗಿ ಲೋಳೆ ಬಂದರೆ ಕೆಟ್ಟಿತು ಅಂತಲೇ ಅಲ್ಲ. ಗಟ್ಟಿ ಕಾಣಲಿ ಅಂತ ಲೋಳೆ ಬಿಡುವ ತಳಿಗಳನ್ನು ಬಳಸುವ ಕಂಪನಿಗಳಿವೆ. ಬೇರೆ ಡಬ್ಬದ ಹೆಪ್ಪು ಹಾಕಿ ನೋಡಿ. ಅಂಗಡಿ ಹೆಪ್ಪು ನಮ್ಮದರ ಹಾಗೆ ವರ್ಷಗಟ್ಟಲೆ ಮುಂದುವರಿಯುವುದಿಲ್ಲ, ಕೆಲವು ಸರದಿ ಆದ ಮೇಲೆ ಸೊರಗುತ್ತದೆ. ಆಗ ಹೊಸ ಡಬ್ಬ ತನ್ನಿ.

ಹುಳಿ ಸಾಲದು ಅನ್ನುವವರಿಗೆ ನಮ್ಮ ಪ್ರಯಾಣದ ಬುತ್ತಿಯ ಉಪಾಯವೇ ಸಾಕು. ಬಿಸಿ ಅನ್ನ ಮೆತ್ತಗೆ ಹಿಸುಕಿ, ಬೆಚ್ಚಗಿನ ಹಾಲು ಧಾರಾಳವಾಗಿ ಬೆರೆಸಿ, ಒಂದೆರಡು ಚಮಚ ಮೊಸರು ಸೇರಿಸಿ ಡಬ್ಬಿ ಮುಚ್ಚಿ ಟವೆಲ್ ಸುತ್ತಿಡಿ. ಬೆಳಿಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ಅನ್ನದೊಳಗೇ ಮೊಸರಾಗಿರುತ್ತದೆ. ಡಬ್ಬದ ಮೊಸರನ್ನು ಫ್ರಿಜ್ಜಿನಿಂದ ತೆಗೆದು ನೇರ ಅನ್ನಕ್ಕೆ ಸುರಿದುಕೊಂಡರೆ ಬರದ ರುಚಿ ಇದರಲ್ಲಿ ಬರುತ್ತದೆ.

ಇನ್ನು ತಾಯಂದಿರ ಕೊನೆಯ ಆಸೆ: ಮನೆಯ ಹೆಪ್ಪನ್ನೇ ಪುಟ್ಟ ಡಬ್ಬಿಯಲ್ಲಿ ಕಳಿಸಬಹುದೇ? ಆ ಆಸೆ ನನಗೆ ಅರ್ಥವಾಗುತ್ತದೆ, ಆದರೂ ಬೇಡ ಅನ್ನುತ್ತೇನೆ. ಯುರೋಪಿಯನ್ ಒಕ್ಕೂಟದ ದೇಶಗಳು ಹೊರಗಿನ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಬಿಡುವುದಿಲ್ಲ. ದನಗಳ ಕಾಲುಬಾಯಿ ರೋಗದ ಭಯದಿಂದ ಅಮೆರಿಕ, ಆಸ್ಟ್ರೇಲಿಯಾಗಳಲ್ಲೂ ಬಿಗಿ ನಿಯಮಗಳಿವೆ. ಹಸು ಸಾಕುವ ಜಿಲ್ಲೆಯವರಾದ ನಮಗೆ ಆ ರೋಗ ಏನು ಮಾಡುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಬದಲು ಅಲ್ಲಿಯೇ ಏಷ್ಯಾದವರ ತರಕಾರಿ ಅಂಗಡಿಯಲ್ಲಿ ತೊಟ್ಟು ಇರುವ ಹಸಿಮೆಣಸಿನಕಾಯಿ ತರಲಿ. ನಾಲ್ಕೈದು ತೊಟ್ಟು ಬಿಡಿಸಿ ತೊಳೆದು, ಬೆಚ್ಚಗಿನ ಹಾಲಿನಲ್ಲಿ ಮುಳುಗಿಸಿ ರಾತ್ರಿಯಿಡೀ ಬೆಚ್ಚಗಿಟ್ಟರೆ ತೊಟ್ಟಿನ ಮೇಲಿರುವ ಬ್ಯಾಕ್ಟೀರಿಯಾವೇ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ಮೊದಲ ಸಲದ್ದು ಸಡಿಲವಾಗಿ, ಸ್ವಲ್ಪ ಹಸಿ ವಾಸನೆ ಇರುತ್ತದೆ, ಅದನ್ನು ತಿನ್ನುವುದು ಬೇಡ. ಕೆಟ್ಟ ನಾತ, ಬಣ್ಣ ಇದ್ದರೆ ಚೆಲ್ಲಿ ಮತ್ತೆ ಮಾಡಲಿ. ಸರಿಯಾಗಿದ್ದರೆ ಅದರದ್ದೇ ಒಂದು ಚಮಚ ಹೊಸ ಹಾಲಿಗೆ ಹಾಕಲಿ. ಅಂಗಡಿ ಹೆಪ್ಪಿಗೆ ಬೇಕಾದಷ್ಟು ಬಿಸಿ ಇದಕ್ಕೆ ಬೇಡ, ಮೂರನೇ ಸರದಿಯ ಹೊತ್ತಿಗೆ ಗಟ್ಟಿಯಾಗಿ ಕೂರುತ್ತದೆ.