ದಿಬ್ಬದ ಮೇಲೆ ಟೇಪು ಹಿಡಿದು ನಡೆದ ದಿನ

ಊರಿನ ಉತ್ತರಕ್ಕಿರುವ ದಿಬ್ಬದಲ್ಲಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ತೆಗೀತಾರಂತೆ ಅನ್ನೋ ಸುದ್ದಿ ನಮಗೆ ಸಿಕ್ಕಿದ್ದು ಚಹಾದಂಗಡಿಯಲ್ಲಿ. ಯಾವ ನೋಟಿಸೂ ಬಂದಿರಲಿಲ್ಲ. ಡಂಗುರವೂ ಇಲ್ಲ, ಗ್ರಾಮಸಭೆಯೂ ಇಲ್ಲ. ಅರ್ಜಿ ಮಾತ್ರ ಆಗಲೇ ಹೋಗಿತ್ತು.

ಜಾಗ ಹನ್ನೆರಡು ಎಕರೆ. "ಸರಿಯಾಗಿ ಹನ್ನೆರಡೇ ಯಾಕ?" ಅಂತ ನಿವೃತ್ತ ಮಾಸ್ತರರೊಬ್ಬರು ಕೇಳಿದರು. ಉತ್ತರ ನಿಯಮದಲ್ಲೇ ಇತ್ತು. 5 ಹೆಕ್ಟೇರ್ ಅಂದರೆ ಸುಮಾರು 12 ಎಕರೆ 14 ಗುಂಟೆ. ಅದಕ್ಕಿಂತ ಸಣ್ಣ ಗಣಿಗೂ ಪರಿಸರ ಅನುಮತಿ ಬೇಕು ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕಿಲ್ಲ. ಹದಿನಾಲ್ಕು ಗುಂಟೆ ಕಡಿಮೆ ಇದ್ದರೆ ಸಾಕು, ಮಗ್ಗುಲಲ್ಲೇ ಬದುಕುವವರನ್ನು ಒಂದು ಮಾತೂ ಕೇಳದೆ ಕೆಲಸ ಮುಗಿಯುತ್ತದೆ. ಇದನ್ನು ನಾನು ಹೇಗೆ ಒಪ್ಪಲಿ?

ಮಾಸ್ತರರು ಇನ್ನೊಂದು ನಿಯಮ ಹುಡುಕಿದ್ದರು. ಒಂದೇ ಬಗೆಯ ಖನಿಜ ಇರುವ ಕಡೆ ಎರಡು ಗಣಿಗಳ ಅಂಚಿನ ನಡುವೆ 500 ಮೀಟರ್‌ಗಿಂತ ಕಡಿಮೆ ಅಂತರ ಇದ್ದರೆ ಎರಡನ್ನೂ ಒಂದೇ ಗುಂಪು ಅಂತ ಲೆಕ್ಕ ಹಾಕಬೇಕು. ಗುಂಪು 5 ಹೆಕ್ಟೇರ್ ದಾಟಿದರೆ ಅಹವಾಲು ಸಭೆ ಬೇಕು. 2013ರ ಸೆಪ್ಟೆಂಬರ್ 9ರ ನಂತರ ಮಂಜೂರಾದ ಗಣಿಗಳಿಗೆ ಇದು ಅನ್ವಯ. ದಿಬ್ಬದ ಆಚೆ ಮಗ್ಗುಲಲ್ಲಿ ಗರಸಿನ ಗಣಿ ಒಂದು ಈಗಾಗಲೇ ಇದೆ. ಅದು ಮಂಜೂರಾಗಿದ್ದೂ ಆಮೇಲೆಯೇ.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಊರ ನಕಾಶೆ, ಪಹಣಿ, ಉದ್ದನೆಯ ಟೇಪು ಹಿಡಿದು ಹೊರಟೆವು.

ಮೊದಲು ಸಿಕ್ಕಿದ್ದು ತಾಂಡಾ. ಗಣಿಗೆ ಎಲ್ಲರಿಗಿಂತ ಹತ್ತಿರ ಇರುವವರು ಇವರೇ. ಒಬ್ಬ ತಾಯಿ ತಮ್ಮ ಬಾವಿ ತೋರಿಸಿ ಕೇಳಿದರು, "ಇದು ಬತ್ತಿದ್ರ ನೀರ ಯಾರ ಕೊಡ್ತಾರ್ರಿ?" ಈ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ಕಡೆ ಕೆಳಗೆ ಗಟ್ಟಿ ಬಂಡೆ. ಅದರ ಮೇಲಿನ ಸವೆದ ಕಲ್ಲು, ಗರಸಿನ ಪದರವೇ ಮಳೆ ನೀರನ್ನು ಕುಡಿದು ಇಟ್ಟುಕೊಳ್ಳುತ್ತದೆ. ಅಲ್ಲಿಂದ ಅದು ನಿಧಾನಕ್ಕೆ ಬಾವಿಗೆ ಇಳಿಯುತ್ತದೆ. ಟಿಪ್ಪರ್‌ನಲ್ಲಿ ತುಂಬಿಕೊಂಡು ಹೋಗೋದು ಆ ಪದರವನ್ನೇ. ಮಳೆ ಕಡಿಮೆ ಇರುವ ಮುಂಡರಗಿ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ನನಗಂತೂ ತೋಚುವುದಿಲ್ಲ.

ಹಳೆ ಗಣಿಗೆ ಹೋಗುವ ದಾರಿಯ ಪಕ್ಕದ ಹೊಲಗಳಲ್ಲಿ ಮೆಣಸಿನ ಗಿಡದ ಎಲೆಗಳ ಮೇಲೆ ಕೆಂಪು ಧೂಳು ಕೂತಿತ್ತು. ಹೂ ಬಿಟ್ಟಾಗ ಹೀಗೆ ಧೂಳು ಕೂತರೆ ಕಾಯಿ ಕಟ್ಟುವುದಿಲ್ಲ ಅಂತ ಹೊಲದವರು ಹೇಳಿದರು. ಗಣಿಗೆ ಬೇಲಿ ಇಲ್ಲ. ಮಳೆಗಾಲದಲ್ಲಿ ಆ ಗುಂಡಿ ತುಂಬಿ ನಿಲ್ಲುತ್ತದೆ. ದನ ಮೇಯಿಸುವ ಹುಡುಗರು ಅಲ್ಲಿ ಈಜೋಕೆ ಇಳೀತಾರೆ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗಿದ್ದು ಅಲ್ಲಿ ನಿಂತಾಗ.

ಅಳತೆ ಮಾಡಿದೆವು. ಗಣಿಯ ಅಂಚಿನಿಂದ ಹೊಸ ಸರ್ವೆ ನಂಬರಿನ ಗಡಿಕಲ್ಲಿಗೆ ಮುನ್ನೂರು ಮೀಟರ್ ಆಸುಪಾಸು. ಮಾಸ್ತರರು ನಂಬದೆ ಇನ್ನೊಂದು ಬದಿಯಿಂದಲೂ ಅಳೆಸಿದರು. ಅಷ್ಟೇ ಬಂತು.

ದಿಬ್ಬದ ಮೇಲಿಂದ ದೂರದಲ್ಲಿ ಕಪ್ಪತಗುಡ್ಡ ಕಾಣುತ್ತದೆ. ಅದಕ್ಕಾಗಿ ಜನ ವರ್ಷಗಟ್ಟಲೆ ಹೋರಾಡಿದರು. 2019ರಲ್ಲಿ ಅದು ವನ್ಯಜೀವಿ ಧಾಮ ಆಯಿತು. 2011ರಲ್ಲಿ ಹಳ್ಳಿಗುಡಿಯ ಜಮೀನಿಗೆ ಉಕ್ಕಿನ ಕಾರ್ಖಾನೆ ಬರೋದಿತ್ತು. ಆಗ ರೈತರ ಜೊತೆ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ನಿಂತರು, ಆ ಯೋಜನೆ ಅಲ್ಲಿಗೇ ನಿಂತಿತು. ನಮ್ಮ ದಿಬ್ಬಕ್ಕೆ ಅಂಥ ಹೆಸರಿಲ್ಲ. ಯಾವ ಧಾಮದ ಪಟ್ಟಿಯಲ್ಲೂ ಅದು ಬರುವುದಿಲ್ಲ. ಆದರೂ ತಾಂಡಾದ ಬಾವಿಗೆ ನೀರು ಕೊಡುವುದು ಅದೇ ಅಲ್ವಾ?

ಗರಸೇ ಬೇಡ ಅಂತ ನಮ್ಮಲ್ಲಿ ಯಾರೂ ಹೇಳಿಲ್ಲ. ರಸ್ತೆಗೆ ಬೇಕು, ನಮ್ಮ ಮನೆಯ ಬುನಾದಿಗೂ ಹಾಕಿದ್ದೇವೆ. ಎಲ್ಲಿ, ಎಷ್ಟು ಆಳ, ದಿನಕ್ಕೆ ಎಷ್ಟು ಗಾಡಿ, ಕೊನೆಗೆ ಗುಂಡಿ ಮುಚ್ಚುವವರು ಯಾರು ಅನ್ನೋದನ್ನು ನಮ್ಮೆದುರು ಹೇಳಲಿ ಅಂತಷ್ಟೇ ಕೇಳುತ್ತಿದ್ದೇವೆ.

ಮರುದಿನ ನಕಾಶೆಯ ಮೇಲೆ ಅಳತೆ ಬರೆದು, ತಾಂಡಾದವರ ಸಹಿ, ಹೆಬ್ಬೆಟ್ಟು ಸೇರಿಸಿ ಗದಗಿಗೆ ಹೋಗಿ ಮನವಿ ಕೊಟ್ಟೆವು. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬಂದೆವು. ಅಹವಾಲು ಸಭೆ ಕರೆದರೆ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಕೊಡಬೇಕು, ಗಣಿಯಿಂದ ಪರಿಸರಕ್ಕೆ ಆಗುವ ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲಿ ಸಿಗುವಂತೆ ಮಾಡಬೇಕು. ಆ ಸಾರಾಂಶ ಬಂದ ದಿನ ತಾಂಡಾದ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಓದಿ ಹೇಳುತ್ತೇನೆ ಅಂತ ಮಾಸ್ತರರು ಒಪ್ಪಿಕೊಂಡಿದ್ದಾರೆ.