ಗಡಾಯಿಕಲ್ಲಿನ ನೆತ್ತಿಯ ಕೆರೆ: ನಾಲ್ಕನೆಯ ಭೇಟಿಯವರೆಗಿನ ದಾಖಲೆ

ಮಳೆಗಾಲ ಮುಗಿದ ಮೇಲೆ ಗಡಾಯಿಕಲ್ಲಿನ ನೆತ್ತಿಯಲ್ಲಿರುವ ಪುಟ್ಟ ಕೆರೆಯ ನೀರು ತಿಂಗಳಿಂದ ತಿಂಗಳಿಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಹತ್ತಿ ಹೋಗಿ ಅಳೆದು ಬರೆದಿಡಬೇಕೆಂದು ಅಕ್ಟೋಬರ್ ಕೊನೆಯಲ್ಲಿ ಆರಂಭಿಸಿದ ಕೆಲಸ ಈಗ ನಾಲ್ಕನೆಯ ಭೇಟಿಗೆ ಬಂದು ನಿಂತಿದೆ. ನಾಲ್ಕೂ ಸಲ ಬೆಳಗ್ಗೆ ಮಂಗಳೂರಿನಿಂದ ಹೊರಟು ಸಂಜೆಗೆ ಮನೆ ಸೇರಿದ್ದೇವೆ. ಜೊತೆಗೆ ಬರುವವನು ಅಕ್ಕನ ಮಗ. ಟೇಪು ಹಿಡಿಯುವ ಕೆಲಸ ಅವನದು, ಬರೆದುಕೊಳ್ಳುವ ಕೆಲಸ ನನ್ನದು.

ಬೆಳ್ತಂಗಡಿಯಿಂದ ಕಿಲ್ಲೂರು ಕಡೆಗೆ ಹೋಗುವ ದಾರಿಯಲ್ಲಿ ಮಂಜೊಟ್ಟಿಯ ಬಳಿ ಒಂಟಿಯಾಗಿ ಎದ್ದು ನಿಂತಿರುವ ಈ ಕರಿಬಂಡೆ ಸುಮಾರು 1700 ಅಡಿ ಎತ್ತರದ್ದು. ಮೊದಲು ನರಸಿಂಹಗಡ ಎಂಬ ಹೆಸರಿದ್ದ ಇಲ್ಲಿ 1794ರಲ್ಲಿ ಟಿಪ್ಪು ಸುಲ್ತಾನ್ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದ; ಅದು ತಾಯಿಯ ಹೆಸರಿನಿಂದ ಬಂದದ್ದು ಎನ್ನುತ್ತಾರೆ. ಶಾಲೆಯಲ್ಲಿ ಇದನ್ನು ಓದಿದ ನಮಗೆಲ್ಲ ಕೋಟೆಯ ಗೋಡೆ, ಫಿರಂಗಿ, 1876 ಮೆಟ್ಟಿಲು ಇಷ್ಟೇ ನೆನಪಿನಲ್ಲಿ ಉಳಿದಿವೆ. ಆದರೆ ಮೇಲೆ ಹೋಗಿ ನಿಂತಾಗ, ಸುತ್ತಲೂ ಕಡಿದಾದ ಬಂಡೆಯಿರುವ ಈ ನೆತ್ತಿಯಲ್ಲಿ ಒಂದು ಪಡೆ ತಿಂಗಳುಗಟ್ಟಲೆ ಬದುಕಿರಲು ಗೋಡೆಗಿಂತ ಮೊದಲು ನೀರು ಬೇಕಾಗಿತ್ತು ಎಂಬುದು ತಾನಾಗಿ ಹೊಳೆಯುತ್ತದೆ. ಹತ್ತಿ ಬಂದವರಲ್ಲಿ ಹೆಚ್ಚಿನವರು ಕುದುರೆಮುಖ ಶ್ರೇಣಿಯ ನೋಟ ಸಿಗುವ ಅಂಚಿನಲ್ಲಿ ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ಕೆರೆಯ ಬಳಿ ಅರ್ಧ ಗಂಟೆ ಕೂತವರನ್ನು ನಾಲ್ಕು ಭೇಟಿಯಲ್ಲಿ ನಾನು ಕಂಡದ್ದಿಲ್ಲ. ನನಗೆ ಈ ಬೆಟ್ಟದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ನೀರೇ.

ಅಳತೆಯ ಕ್ರಮ ಸರಳ. ಕೆರೆಯ ಅಂಚಿನ ಒಂದು ಕಲ್ಲಿನಲ್ಲಿ ಓರೆಯಾದ ಬಿರುಕೊಂದಿದೆ. ಆ ಬಿರುಕಿನ ಕೆಳತುದಿಯಿಂದ ನೀರಿನ ಮಟ್ಟದವರೆಗೆ ಟೇಪನ್ನು ನೇರವಾಗಿ ಇಳಿಬಿಟ್ಟು ನೋಡುತ್ತೇವೆ. ಗಾಳಿ ಬೀಸಿದಾಗ ನೀರು ಅಲುಗುವುದರಿಂದ ಮೂರು ಸಲ ಅಳೆದು ನಡುವಿನ ಸಂಖ್ಯೆಯನ್ನು ಬರೆದುಕೊಳ್ಳುತ್ತೇವೆ. ಕಲ್ಲಿಗೆ ಬಣ್ಣ ಬಳಿಯಬಾರದು, ಮೊಳೆ ಹೊಡೆಯಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ. ಈ ಜಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ನಮ್ಮ ಕುತೂಹಲಕ್ಕಾಗಿ ಅಲ್ಲಿ ಒಂದು ಗೀರನ್ನೂ ಬಿಟ್ಟು ಬರುವ ಹಕ್ಕು ನಮಗಿಲ್ಲ.

ಅಕ್ಟೋಬರ್ ಕೊನೆಯ ಭಾನುವಾರದ ಮೊದಲ ಭೇಟಿಯಲ್ಲಿ ನೀರು ಬಿರುಕಿನಿಂದ ಬರೀ 10 ಸೆಂಟಿಮೀಟರ್ ಕೆಳಗಿತ್ತು. ಹತ್ತಲು ಒಂದು ಗಂಟೆ ಐವತ್ತು ನಿಮಿಷ ಬೇಕಾಯಿತು. ಕಾಡಿನ ನೆರಳಿನಲ್ಲಿ ಸಾಗುವ ಕೆಳಗಿನ ಮೆಟ್ಟಿಲುಗಳಲ್ಲಿ ಇನ್ನೂ ಪಾಚಿ ಇದ್ದುದರಿಂದ ಪ್ರತಿ ಹೆಜ್ಜೆಯನ್ನೂ ನೋಡಿ ಇಡಬೇಕಾಗಿತ್ತು. ಮಳೆಗಾಲದಲ್ಲಿ ಇಲ್ಲಿ ಯಾರನ್ನೂ ಬಿಡದಿರುವುದು ಏಕೆ ಎಂದು ಅಲ್ಲಿ ಕಾಲಿಟ್ಟವರಿಗೆ ಬೇರೆ ಹೇಳಬೇಕಾಗಿಲ್ಲ. ಮೇಲೆ, ಬಂಡೆಯ ತಗ್ಗುಗಳಲ್ಲಿ ತೆಳುವಾಗಿ ನಿಂತ ಮಣ್ಣಿನ ಮೇಲೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ನೇರಳೆ ಹೂಗಳು ಗುಂಪುಗುಂಪಾಗಿ ಅರಳಿದ್ದವು. ಯೂಟ್ರಿಕ್ಯುಲೇರಿಯಾ ಜಾತಿಯ ಈ ಗಿಡಕ್ಕೆ ಒದ್ದೆ ಮಣ್ಣಿನೊಳಗೆ ಕಣ್ಣಿಗೆ ಕಾಣುವುದೇ ಕಷ್ಟವಾಗುವಷ್ಟು ಸಣ್ಣ ಚೀಲಗಳಿರುತ್ತವೆ. ಹತ್ತಿರ ಸುಳಿದ ಸೂಕ್ಷ್ಮ ಜೀವಿಯನ್ನು ನೀರಿನ ಸಮೇತ ಒಳಗೆ ಎಳೆದುಕೊಂಡು ಅದು ಸಾರ ಹೀರುತ್ತದೆ. ಬಂಡೆಯ ಮೇಲಿನ ಬಡ ಮಣ್ಣಿನಲ್ಲಿ ಬದುಕಲು ಅದು ಕಂಡುಕೊಂಡ ದಾರಿ ಅದು. ಅಳತೆಗೆಂದು ಹೋದ ನಾನು ಆ ದಿನ ಮೊಣಕಾಲೂರಿ ಹೂ ನೋಡುವುದರಲ್ಲೇ ಬಹಳ ಹೊತ್ತು ಕಳೆದೆ, ಅದಕ್ಕೆ ಬೇಸರವಿಲ್ಲ.

ಡಿಸೆಂಬರ್ ನಡುವಿನ ಎರಡನೆಯ ಭೇಟಿಯಲ್ಲಿ ಎರಡು ತಪ್ಪುಗಳಾದವು. ಗುರುವಾಯನಕೆರೆಯಲ್ಲಿ ಬನ್ಸ್, ಚಹಾ ಎಂದು ನಿಧಾನಿಸಿದ್ದರಿಂದ ಹತ್ತಲು ಶುರುಮಾಡುವಾಗಲೇ ಒಂಬತ್ತೂವರೆ ದಾಟಿತ್ತು. ಮರಗಳ ನೆರಳು ಮುಗಿದು, ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಬರುವ ಹೊತ್ತಿಗೆ ಕಲ್ಲು ಕಾದು, ಮೇಲಿನಿಂದ ಬಿಸಿಲು, ಕೆಳಗಿನಿಂದ ಝಳ ಎಂಬಂತಾಯಿತು. ಇಬ್ಬರಿಗೆ ಎರಡು ಲೀಟರ್ ನೀರು ಸಾಲಲಿಲ್ಲ. ಎರಡನೆಯ ತಪ್ಪು ಅಳತೆಯದು. 31 ಸೆಂಟಿಮೀಟರ್ ಎಂದು ಬರೆದುಕೊಂಡು ಮುಗಿಸುವಷ್ಟರಲ್ಲಿ ಹುಡುಗ ಮೊಬೈಲಿನಲ್ಲಿದ್ದ ಹಳೆಯ ಫೋಟೋ ತೆರೆದು, “ಮಾವ, ಇದಲ್ಲ, ನಮ್ಮ ಬಿರುಕು ಆಚೆ ಕಲ್ಲಿನಲ್ಲಿ ಉಂಟು” ಎಂದ. ಅವನ ಮಾತು ಸರಿಯಾಗಿತ್ತು. ಸರಿಯಾದ ಕಲ್ಲಿನಲ್ಲಿ ಅಳೆದಾಗ ಬಂದದ್ದು 19 ಸೆಂಟಿಮೀಟರ್. ಅಂದಿನಿಂದ ಅಳೆಯುವ ಮುನ್ನ ಫೋಟೋ ನೋಡಿಕೊಳ್ಳುವುದನ್ನು ನಿಯಮ ಮಾಡಿಕೊಂಡಿದ್ದೇವೆ. ಈ ಎರಡು ಭೇಟಿಗಳ ನಡುವೆ ಮಳೆಯೂ ಬಂದಿದ್ದರಿಂದ ಇಳಿಕೆಯ ಲೆಕ್ಕಕ್ಕೆ ಈ ಅವಧಿಯನ್ನು ನಾನು ಸೇರಿಸಿಕೊಂಡಿಲ್ಲ.

ಅಲ್ಲಿಂದ ಮುಂದಿನ ಲೆಕ್ಕ ಸ್ವಚ್ಛವಾಗಿದೆ. ಆರು ವಾರಗಳ ಬಳಿಕ, ಜನವರಿ ಕೊನೆಗೆ, ನೀರು 39 ಸೆಂಟಿಮೀಟರಿಗೆ ಇಳಿದಿತ್ತು. ಅಂದರೆ ದಿನಕ್ಕೆ ಐದು ಮಿಲಿಮೀಟರಿಗೆ ತುಸು ಕಡಿಮೆ. ಮತ್ತೆ ನಾಲ್ಕು ವಾರ ಬಿಟ್ಟು ಫೆಬ್ರವರಿ ಕೊನೆಗೆ ಹೋದಾಗ 54 ಸೆಂಟಿಮೀಟರ್. ಈ ಸಲ ದಿನಕ್ಕೆ ಐದು ಮಿಲಿಮೀಟರಿಗಿಂತ ತುಸು ಹೆಚ್ಚು. ಚಳಿಗಾಲದ ಬೆಳಗ್ಗೆ ಘಟ್ಟದ ಕಡೆಯಿಂದ ಬೀಸುವ ಒಣ ಮೂಡುಗಾಳಿ ನಮ್ಮೂರಿನವರಿಗೆಲ್ಲ ಗೊತ್ತಿರುವಂಥದ್ದು. ತುಟಿ ಒಡೆಯುವ, ಅಂಗಳದಲ್ಲಿ ಹಾಕಿದ ಬಟ್ಟೆ ಎರಡೇ ಗಂಟೆಯಲ್ಲಿ ಗರಿಗರಿಯಾಗುವ ಗಾಳಿ ಅದು. ಬಯಲಿನಲ್ಲಿ ನಿಂತ ನೀರಿನಿಂದ ಬಿಸಿಲು, ಗಾಳಿ ಕೊಂಡೊಯ್ಯಬಹುದಾದ ಪ್ರಮಾಣಕ್ಕೂ ನಮ್ಮ ಸಂಖ್ಯೆಗೂ ಹೆಚ್ಚು ವ್ಯತ್ಯಾಸವಿಲ್ಲ. ಆದ್ದರಿಂದ ಕೆರೆಯ ತಳದಿಂದ ಸೋರಿಹೋಗುವುದು ಬಹಳ ಕಡಿಮೆ ಇರಬೇಕು, ಇಡೀ ಬೆಟ್ಟವೇ ಒಂದು ಕಲ್ಲಿನ ಬಟ್ಟಲಿನಂತೆ ನೀರನ್ನು ಹಿಡಿದಿದೆ ಎಂಬುದು ಸದ್ಯಕ್ಕೆ ನನ್ನ ಅಭಿಪ್ರಾಯ. ಎರಡೇ ಅವಧಿಗಳ ಲೆಕ್ಕದಿಂದ ಇದಕ್ಕಿಂತ ಗಟ್ಟಿಯಾಗಿ ಹೇಳಬಾರದು.

ನಾಲ್ಕನೆಯ ಭೇಟಿಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಐದಕ್ಕೇ ಮನೆ ಬಿಟ್ಟು, ಬಿ.ಸಿ. ರೋಡ್, ಪುಂಜಾಲಕಟ್ಟೆ ದಾಟಿ, ಬೆಳ್ತಂಗಡಿ ಸೇರಿ, ಅರಣ್ಯ ಇಲಾಖೆಯವರು ಚೀಲ ನೋಡಿ ಒಳಗೆ ಬಿಟ್ಟೊಡನೆ ನಡೆಯಲು ಶುರುಮಾಡಿದೆವು. ಈ ಸಲ ತಲಾ ಎರಡು ಲೀಟರ್ ನೀರು, ಸ್ಟೀಲ್ ಡಬ್ಬಿಯಲ್ಲಿ ಮೊಸರನ್ನ, ಒಂದು ಬಾಟಲಿ ಪುನರ್ಪುಳಿ ಶರಬತ್ತು ಇತ್ತು. ಒಂದು ಗಂಟೆ ಇಪ್ಪತ್ತೈದು ನಿಮಿಷದಲ್ಲಿ ಮೇಲಿದ್ದೆವು. ಕೆರೆಯ ಸುತ್ತ ಅಕ್ಟೋಬರಿನಲ್ಲಿ ಹಸಿರಾಗಿದ್ದ ಹುಲ್ಲು ಈಗ ಒಣಗಿ ಹೊಂಬಣ್ಣಕ್ಕೆ ತಿರುಗಿದೆ. ನೀರು ಬಿಟ್ಟುಹೋದ ಅಂಚಿನಲ್ಲಿ ಕೆಸರು ಒಡೆದು, ಒಣಗಿದ ಹಪ್ಪಳದ ತುಂಡುಗಳಂತೆ ಅಂಚು ಮೇಲೆತ್ತಿಕೊಂಡಿತ್ತು. ಅವುಗಳಲ್ಲಿ ಒಂದರ ಮೇಲೆ ಯಾವುದೋ ಹಕ್ಕಿಯ ಮೂರು ಬೆರಳುಗಳ ಗುರುತು ಸ್ಪಷ್ಟವಾಗಿ ಮೂಡಿತ್ತು. ಟೇಪು ಇಳಿಬಿಟ್ಟಾಗ ಕೆಂಪು ಏರೋಪ್ಲೇನ್ ಚಿಟ್ಟೆಯೊಂದು ಬಂದು ಅದರ ಮೇಲೇ ಕೂತಿತು. ಅದು ಏಳುವವರೆಗೆ ಹುಡುಗ ಕೈ ಅಲುಗಿಸದೆ ನಿಂತ.

ಒಂದು ನೋವಿನ ಸಂಗತಿಯನ್ನೂ ದಾಖಲಿಸಬೇಕು. ನೀರು ಇಳಿದಂತೆ ಕೆಸರಿನಿಂದ ಪ್ಲಾಸ್ಟಿಕ್ ಮೇಲೆ ಬರುತ್ತಿದೆ. ಈ ಸಲ ಮೂರು ಬಾಟಲಿ, ಕೆಲವು ಬಿಸ್ಕತ್ತು ಪೊಟ್ಟಣ ಆಯ್ದು ತಂದೆವು. ಒಳಬರುವ ನದಿಯಿಲ್ಲ, ಕೊಚ್ಚಿಕೊಂಡು ಹೋಗುವ ಹೊಳೆಯೂ ಇಲ್ಲ. ಆ ಕೆರೆಗೆ ಬಿದ್ದದ್ದು ಅಲ್ಲೇ ಉಳಿಯುತ್ತದೆ. ಹತ್ತುವವರು ದಯವಿಟ್ಟು ಒಂದು ಖಾಲಿ ಚೀಲ ಜೊತೆಗಿಟ್ಟುಕೊಳ್ಳಿ.

ಮುಂದಿನ ಭೇಟಿ ಮಾರ್ಚ್ ಕೊನೆಯ ಭಾನುವಾರ. ಸೆಕೆ ಹೆಚ್ಚುವುದರಿಂದ ಒಂಬತ್ತರೊಳಗೆ ಅಳತೆ ಮುಗಿಸಿ ಇಳಿಯಲು ಶುರುಮಾಡಬೇಕು. ಆಮೇಲೆ ಏಪ್ರಿಲ್‌ನಲ್ಲಿ ಒಂದು ಸಲ, ಸಾಧ್ಯವಾದರೆ ಮಳೆ ಹಿಡಿಯುವ ಮುನ್ನ ಮೇ ತಿಂಗಳಲ್ಲಿ ಇನ್ನೊಂದು ಸಲ. ನಮ್ಮ ಟೇಪು ಒಂದೂವರೆ ಮೀಟರಿನದು. ಮೇ ತಿಂಗಳಿಗೆ ಅದು ಸಾಲದೆ ಹೋಗಬಹುದೆಂದು ಹುಡುಗ ಈಗಲೇ ಮೂರು ಮೀಟರಿನದೊಂದನ್ನು ತಂದಿಟ್ಟಿದ್ದಾನೆ.