ಹಳೇ ಕಿಲ್ಲಾರಿಯ ಗೋಡೆ

ಕಲಬುರಗಿಯಿಂದ ಬೆಳಗ್ಗೆ ಹೊರಟು, ಆಳಂದ, ಉಮರ್ಗಾ ದಾಟಿ ಕಿಲ್ಲಾರಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಮಹಾರಾಷ್ಟ್ರಕ್ಕೆ ಬಂದದ್ದು ಬೋರ್ಡ್ ನೋಡಿದಾಗಲೇ ಗೊತ್ತಾಗಿದ್ದು. ಮಣ್ಣು ಅದೇ ಕರಿ ಮಣ್ಣು. ಹೊಲದಲ್ಲಿ ಸೋಯಾಬೀನ್ ಸ್ವಲ್ಪ ಜಾಸ್ತಿ, ಅಷ್ಟೇ.

ಈ ಊರಿನ ಹೆಸರು ಕೇಳುತ್ತಲೇ ಬೆಳೆದವಳು ನಾನು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಹೊಡೆಯಲು ಕೆಲವೇ ನಿಮಿಷ ಇದ್ದಾಗ ಇಲ್ಲಿ ನೆಲ ನಡುಗಿತು. ಆಗ ನನಗೆ ಮೂರು ವರ್ಷ. ಅವ್ವ ನನ್ನನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದ್ದಳಂತೆ. ನಾವು ಉಳಿದೆವು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಹತ್ತಿರ ಹತ್ತಿರ 10 ಸಾವಿರ ಜನ ಸತ್ತರು. ತೀವ್ರತೆ ಸುಮಾರು 6.2. ಇದಕ್ಕಿಂತ ದೊಡ್ಡ ಭೂಕಂಪದಲ್ಲೂ ಇಷ್ಟು ಜನ ಸಾಯದ ಊರುಗಳಿವೆ.

ಹಳೇ ಊರಿನ ಜಾಗದಲ್ಲಿ ಈಗ ಜಾಲಿ ಬೆಳೆದಿದೆ. ಅದರ ನಡುವೆ ಒಂದು ಮೋಟುಗೋಡೆ ಕಂಡಿತು. ಮೊಳ ಹಾಕಿ ನೋಡಿದೆ, ಒಂದೂವರೆ ಮೊಳ ದಪ್ಪ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು, ಮಣ್ಣು. ಎರಡು ಸಾಲನ್ನೂ ಸೇರಿಸಿ ಹಿಡಿಯುವ ಉದ್ದಕಲ್ಲು ಒಂದೂ ಇಲ್ಲ. ಬೆರಳು ತಾಗಿಸಿದರೆ ಮಣ್ಣು ಉದುರಿತು. ಇಂಥ ಗೋಡೆಗಳ ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಗೆ ತಂಪು. ಸೋರಬಾರದು ಅಂತ ಮಳೆಗಾಲಕ್ಕೆ ಮುಂಚೆ ಇನ್ನೊಂದಷ್ಟು ಮಣ್ಣು ಹಾಕುತ್ತಾರೆ. ಅಜ್ಜ, ಮುತ್ತಜ್ಜನ ಕಾಲದ ಮಣ್ಣೆಲ್ಲ ಮೇಲೇ ಇರುತ್ತದೆ. ನಮ್ಮ ಹಳ್ಳಿಮನೆಯೂ ಹೀಗೇ ಇದೆ. ಆ ಗೋಡೆಯ ಮುಂದೆ ತುಂಬ ಹೊತ್ತು ನಿಂತೆ.

ಆಡು ಕಾಯುತ್ತಿದ್ದ ಅಜ್ಜ ಹತ್ತಿರ ಬಂದರು. ಮರಾಠಿ ಬೆರೆತ ಕನ್ನಡ. "ಗಣಪತಿ ಕಳಿಸಿ ಬರೋದು ತಡಾ ಆಗಿತ್ತು ತಂಗಿ. ನಾ ಕಟ್ಟಿ ಮ್ಯಾಲೇ ಮಲಗಿಬಿಟ್ಟೆ. ತಮ್ಮ ಒಳಗ ಹೋದ." ಮುಂದೆ ಅವರು ಏನೂ ಹೇಳಲಿಲ್ಲ. ಆಡುಗಳ ಕಡೆ ತಿರುಗಿ ಕೂಗು ಹಾಕಿದರು.

ಆಗಿನ ಭೂಕಂಪ ನಕ್ಷೆಯಲ್ಲಿ ಈ ಸೀಮೆ ವಲಯ 1, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಗಟ್ಟಿ ಕಲ್ಲಿನ ನೆಲ, ಏನೂ ಆಗಲ್ಲ ಅಂತ ನಂಬಿಕೆ. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದರು.

ಹೊಸ ಕಿಲ್ಲಾರಿಗೆ ಅಜ್ಜನೇ ಕರೆದೊಯ್ದರು. ನೇರ ರಸ್ತೆ, ಸಾಲು ಮನೆ. ನಾಶವಾದ ಸುಮಾರು 50 ಹಳ್ಳಿಗಳನ್ನು ಹೀಗೆ ಬೇರೆ ಜಾಗದಲ್ಲಿ ಕಟ್ಟಿದರು. ಜಮೀನು ಇಲ್ಲದವರಿಗೆ 250 ಚದರಡಿ ಮನೆ, ಜಾಸ್ತಿ ಇದ್ದವರಿಗೆ 750. ಮನೆಗಳೇನೋ ಗಟ್ಟಿ. ಆದರೆ ಮೊದಲು ಗೋಡೆಗೆ ಗೋಡೆ ತಾಗಿಸಿಕೊಂಡಿದ್ದ ಓಣಿಯ ಜನ ಈಗ ಊರಿನ ಒಂದೊಂದು ಮೂಲೆಗೆ. "ಮಜ್ಜಿಗಿ ಕೇಳಾಕೂ ಅಷ್ಟು ದೂರ ಹೋಗಬೇಕು," ಅಂದರು ಅಜ್ಜನ ಹೆಂಡತಿ. ಉಳಿದವರನ್ನಾದರೂ ಅಕ್ಕಪಕ್ಕ ಇರಿಸಬೇಕಿತ್ತು. ನನಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ.

ವಾಪಸ್ ಬರುವಾಗ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ನೆನಪಾಯಿತು. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ಮತ್ತೆ ಮತ್ತೆ ನೆಲ ಅದುರಿ, ಜನ ಮನೆಯೊಳಗೆ ಮಲಗಲು ಹೆದರಿ ಹೊರಗೇ ರಾತ್ರಿ ಕಳೆದಿದ್ದರು. ಅದು ನಮ್ಮದೇ ಜಿಲ್ಲೆ ಅಲ್ವಾ?

ಆಳಂದದಲ್ಲಿ ಚಹಾಕ್ಕೆ ನಿಂತಾಗ ಅಣ್ಣನಿಗೆ ಫೋನ್ ಮಾಡಿದೆ. ಈ ಸಲ ಮಾಳಿಗೆಗೆ ಹೊಸ ಮಣ್ಣು ಹಾಕಿಸಬೇಡ, ಮೊದಲು ಹಳೇದನ್ನು ಇಳಿಸೋಣ, ನಾನೂ ಬರುತ್ತೇನೆ ಅಂದೆ.